ಎರಡು ಸೂಚಕಗಳ ಲೆಕ್ಕ

ಪ್ರಶ್ನೆ: ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ಮಿಶ್ರಣಕ್ಕೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಫಿನಾಫ್ತಲೀನ್ 15 ಮಿ.ಲೀ.ಗೆ, ಮೀಥೈಲ್ ಆರೆಂಜ್ ಒಟ್ಟು 40 ಮಿ.ಲೀ.ಗೆ ಬಣ್ಣ ಬದಲಿಸಿತು. ಬೈಕಾರ್ಬೊನೇಟ್ 2.5 ಮಿಲಿಮೋಲ್ ಅಂದರೆ ತಪ್ಪೇಕೆ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲ 15 ಮಿ.ಲೀ.ನಲ್ಲಿ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗುತ್ತದಷ್ಟೆ. ಹಾಗೆ ಹುಟ್ಟಿದ್ದಕ್ಕೆ ಮತ್ತೆ 15 ಮಿ.ಲೀ. ಬೇಕು, ನೀವು ಬಿಟ್ಟದ್ದು ಇದನ್ನೇ. ಮೂಲ ಬೈಕಾರ್ಬೊನೇಟ್‌ಗೆ ಉಳಿಯುವುದು 40 – 30 = 10 ಮಿ.ಲೀ., ಅಂದರೆ 1 ಮಿಲಿಮೋಲ್, 84 ಮಿ.ಗ್ರಾಂ. ಕಾರ್ಬೊನೇಟ್ 1.5 ಮಿಲಿಮೋಲ್, 159 ಮಿ.ಗ್ರಾಂ. ‘ಒಟ್ಟು’ ಬದಲು ‘ನಂತರ ಇನ್ನೂ’ 40 ಎಂದಿದ್ದರೆ 40 – 15 = 25; ಆಗ ನಿಮ್ಮ 2.5 ಸರಿ! ಪ್ರಶ್ನೆ ತೆಗೆಯುವವರಿಗೆ ಈ ಗಾಳ ಬಲು ಇಷ್ಟ. ಪ್ರಯೋಗಾಲಯದಲ್ಲಾದರೆ ಆಮ್ಲವನ್ನು ನಿಧಾನ ಬಿಟ್ಟು ಕಲಕುತ್ತಿರಿ. ಒಮ್ಮೆಲೇ ಸುರಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಮೊದಲ ಅಳತೆ ಹಿಗ್ಗುತ್ತದೆ, ಕಾರ್ಬೊನೇಟ್ ಹೆಚ್ಚಾಗಿ ಕಾಣುತ್ತದೆ.