ಬೋನಿಗೆ ಬೀಳದ ಇಲಿಗಳು

ಪ್ರಶ್ನೆ: ಹಿತ್ತಿಲಿನ ಗೊಬ್ಬರದ ಗುಂಡಿಯ ಪಕ್ಕ ಬಿಲ ತೋಡಿರುವ ಇಲಿಗಳು ರಾತ್ರಿ ಅಡುಗೆಮನೆಗೂ ನುಗ್ಗುತ್ತಿವೆ. ಬೋನು ಇಟ್ಟರೂ ಬೀಳುತ್ತಿಲ್ಲ. ಮನೆಯಲ್ಲಿ ಪುಟ್ಟ ಮಗುವೂ ಬೆಕ್ಕೂ ಇರುವುದರಿಂದ ವಿಷವಿಡಲು ಹೆದರಿಕೆಯಾಗುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಪಾಷಾಣವನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡಿಕೊಂಡಿರುತ್ತದೆ; ಅದನ್ನು ಹಿಡಿದು ತಿನ್ನುವ ಬೆಕ್ಕು, ಗೂಬೆಗಳಿಗೂ ಆ ವಿಷ ತಗಲುತ್ತದೆ.

ಇಲಿ ತನ್ನ ದಾರಿಯಲ್ಲಿ ಹೊಸದಾಗಿ ಕಂಡ ವಸ್ತುವನ್ನು ಶಂಕಿಸುವ ಪ್ರಾಣಿಯಾದ್ದರಿಂದ, ಬೋನಿನಲ್ಲಿ ತಿನಿಸಿಟ್ಟು ಬಾಗಿಲು ಬೀಳದಂತೆ ಕಟ್ಟಿ, ಗೋಡೆಯ ಬುಡದಲ್ಲಿ ಜಿಡ್ಡಿನ ಕಪ್ಪು ಗೆರೆ ಕಾಣುವ ಕಡೆ ಕೆಲವು ರಾತ್ರಿ ಹಾಗೆಯೇ ಬಿಡಿ. ತಿನಿಸು ಖಾಲಿಯಾಗತೊಡಗಿದ ಮೇಲಷ್ಟೇ ಬೋನನ್ನು ಹೂಡಿ. ಅಂಟುಹಲಗೆಯನ್ನು ಮಾತ್ರ ದಯವಿಟ್ಟು ಬಳಸಬೇಡಿ; ಅದರಲ್ಲಿ ಸಿಕ್ಕಿದ ಜೀವ ಗಂಟೆಗಟ್ಟಲೆ ನರಳುತ್ತದೆ.

ಆದರೆ ಗರ್ಭಧರಿಸಿದ ಸುಮಾರು 3 ವಾರಗಳಲ್ಲೇ ಮರಿಹಾಕುವ ಇಲಿಯನ್ನು ಹಿಡಿಯುವುದರಿಂದಷ್ಟೇ ತಡೆಯಲಾಗದು. ಸುಮಾರು 2 ಸೆಂಟಿಮೀಟರ್ ಅಗಲದ ಕಂಡಿಯೂ ಅದಕ್ಕೆ ಸಾಕಾಗುವುದರಿಂದ, ಪೈಪು ಗೋಡೆಯನ್ನು ಹೊಕ್ಕುವ ಕಡೆಗಳಲ್ಲಿ ಉಕ್ಕಿನ ನಾರು ತುರುಕಿ ಸಿಮೆಂಟ್ ಮೆತ್ತಿ. ಗುಂಡಿಗೆ ಬೇಯಿಸಿದ ಅನ್ನ, ಮಾಂಸ, ಎಣ್ಣೆಪದಾರ್ಥ ಹಾಕದೆ, ಅದರ ತಳಕ್ಕೂ ಸುತ್ತಲಿಗೂ ಸಣ್ಣ ಕಣ್ಣಿನ ಗಟ್ಟಿ ತಂತಿಬಲೆ ಹೊದಿಸಿ.

ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಹರಡಬಹುದು. ಒಣಗಿದ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸದೆ, ಕೈಗವಸು ತೊಟ್ಟು, ಸೋಂಕುನಾಶಕ ದ್ರಾವಣದಿಂದ ಚೆನ್ನಾಗಿ ನೆನೆಸಿ ಒರೆಸಿ ತೆಗೆಯಿರಿ.