ಮುದುಕನ ಗಡ್ಡದ ತಾಳೆ ಯಾಕೆ ಬೆಳೆಯುತ್ತಿಲ್ಲ?

ಪ್ರಶ್ನೆ: ಮುದುಕನ ಗಡ್ಡದ ತಾಳೆ ಎನ್ನುವ ಕೊಕೊಥ್ರಿನಾಕ್ಸ್ ಕ್ರಿನಿಟಾ ಸಸಿ ನೆಟ್ಟು ಐದು ವರ್ಷವಾಯಿತು, ಇನ್ನೂ ಮೊಣಕಾಲೆತ್ತರ ದಾಟಿಲ್ಲ. ದಿನಾ ನೀರು ಹಾಕುತ್ತೇನೆ. ಜಾಗ ಬದಲಿಸಲೇ? ಪಕ್ಕದಲ್ಲಿರುವ ಇನ್ನೊಂದು ಬೀಸಣಿಗೆ ತಾಳೆ ಥ್ರಿನಾಕ್ಸ್ ಅಂತೆ. ಎರಡನ್ನೂ ಬೇರೆ ಬೇರೆ ಎಂದು ಗುರುತಿಸುವುದು ಹೇಗೆ?

ಉತ್ತರ: ದಯವಿಟ್ಟು ಕೀಳಬೇಡಿ! ನಿಮ್ಮ ಗಿಡಕ್ಕೆ ಏನೂ ಆಗಿಲ್ಲ, ಅದರ ಸ್ವಭಾವವೇ ನಿಧಾನ. ಬೇರು ಅಲುಗಾಡಿದರೆ ಮಾತ್ರ ಈ ಜಾತಿಗೆ ಸಹಿಸುವುದು ಕಷ್ಟ.

ಇದರ ತವರು ಪಶ್ಚಿಮ ಕ್ಯೂಬಾ. ಕೊಕೊಥ್ರಿನಾಕ್ಸ್ ಕುಲದಲ್ಲಿ ಸುಮಾರು 50 ಜಾತಿಗಳಿವೆ, ಹೆಚ್ಚಿನವು ಕ್ಯೂಬಾದಲ್ಲೇ ಇವೆ. ಬಹಳಷ್ಟು ಜಾತಿಗಳು ಬೇರೆ ಮರಗಳು ಬೇಡ ಎನ್ನುವಂಥ ಬಡ ನೆಲದಲ್ಲಿ, ಸುಣ್ಣಕಲ್ಲಿನ ಸಂದಿಯಲ್ಲೋ ತೆಳು ಮಣ್ಣಿನಲ್ಲೋ ಬೇರು ಬಿಟ್ಟುಕೊಂಡು ಬದುಕುತ್ತವೆ. ಅಂಥ ಕಡೆ ಮಳೆ ಬಿದ್ದರೂ ನೀರು ನಿಲ್ಲುವುದಿಲ್ಲ, ಅಲ್ವಾ? ಹಾಗಾಗಿ ದಿನಾ ನೀರು ಬೇಡ, ಬುಡದ ಮಣ್ಣು ಒಣಗಿದ ಮೇಲೆ ಹಾಕಿ. ಬಿಸಿಲು ಚೆನ್ನಾಗಿ ಬೀಳಲಿ.

ಗುರುತಿಸಲು ಗರಿಯ ತೊಟ್ಟಿನ ಬುಡ ನೋಡಿ. ಅಲ್ಲಿ ಎರಡಾಗಿ ಸೀಳಿದ್ದರೆ ಥ್ರಿನಾಕ್ಸ್, ಸೀಳಿಲ್ಲದಿದ್ದರೆ ಕೊಕೊಥ್ರಿನಾಕ್ಸ್. ಹಣ್ಣು ಬಿಟ್ಟಾಗಂತೂ ಅನುಮಾನವೇ ಉಳಿಯುವುದಿಲ್ಲ: ಥ್ರಿನಾಕ್ಸ್‌ನದು ಬಿಳಿ, ನಿಮ್ಮ ಕ್ರಿನಿಟಾದ್ದು ಕಪ್ಪು ನೇರಳೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಮುಂದೆ ಕಾಂಡ ಬಂದಾಗ ಅದರ ಸುತ್ತ ಉದ್ದುದ್ದ ಕೂದಲು ಇಳಿಬೀಳುತ್ತದೆ. ಗರಿಯ ಬುಡದ ನಾರು ಅದು, ಮುದುಕನ ಗಡ್ಡ ಎಂಬ ಹೆಸರು ಬಂದಿದ್ದೂ ಅದರಿಂದಲೇ. ಅಂದ ಮಾಡಲು ಹೋಗಿ ಅದನ್ನು ಕತ್ತರಿಸಬೇಡಿ, ಕತ್ತರಿಸಿದ ಜಾಗದಲ್ಲಿ ಮತ್ತೆ ಬರುವುದಿಲ್ಲ. ತುಂಬಾ ವಯಸ್ಸಾದ ಮರದಲ್ಲಿ ಕೆಳಗಿನ ಕೂದಲು ತಾನಾಗಿಯೇ ಉದುರುತ್ತದೆ. ಹಳೆ ಗರಿಗಳಲ್ಲಿ ಹಳದಿ ಚುಕ್ಕೆ ಬಂದರೆ ಸಾಮಾನ್ಯವಾಗಿ ಪೊಟ್ಯಾಶ್ ಕೊರತೆ. ಆ ಗರಿಗಳನ್ನೂ ಸುಮ್ನೆ ಬಿಡಿ, ಗಿಡ ಅವುಗಳಿಂದಲೇ ಪೊಟ್ಯಾಶ್ ಎಳೆದುಕೊಂಡು ಹೊಸ ಗರಿಗೆ ಕೊಡುತ್ತಿರುತ್ತದೆ, ಪೂರ್ತಿ ಒಣಗಿದ ಮೇಲೆ ತೆಗೆದರಾಯಿತು.

ಕಾಡಿನಲ್ಲಿ ಈ ತಾಳೆಗಳ ಸ್ಥಿತಿ ನೆನೆದರೆ ಸಂಕಟವಾಗುತ್ತದೆ. ಕ್ರಿನಿಟಾ ಅಳಿವಿನ ಭೀತಿಯಲ್ಲಿದೆ. ಕ್ಯೂಬಾದ ಮಟಾನ್ಸಾಸ್ ಕರಾವಳಿಯಲ್ಲಿರುವ, ಇದೇ ಕುಲದ ಬೊರ್ಹಿಡಿಯಾನಾ ಜಾತಿಯ ಪಾಡು ಇನ್ನೂ ಕಷ್ಟ. ಅದಕ್ಕೇ, ಹೊಸ ಸಸಿ ಬೇಕೆನಿಸಿದರೆ ತೋಟದ ಮರದ ಬೀಜದಿಂದ ಬೆಳೆಸಿದ್ದನ್ನೇ ಕೇಳಿ ತೆಗೆದುಕೊಳ್ಳಿ. ನಿಮ್ಮ ಮರವೇ ಹಣ್ಣು ಬಿಟ್ಟರೆ ಬೀಜ ತಾಜಾ ಇರುವಾಗಲೇ ಬಿತ್ತಿ. ಮೊಳಕೆಗೆ ತಿಂಗಳುಗಟ್ಟಲೆ ಹಿಡಿಯಬಹುದು, ಕುಂಡ ಎಸೆಯಬೇಡಿ. ಹತ್ತಿರದಲ್ಲಿ ಬೇರೆ ಕೊಕೊಥ್ರಿನಾಕ್ಸ್ ಇದ್ದರೆ ಮಾತ್ರ ಮರಿಗಳು ಬೆರಕೆ ಆಗಿರಬಹುದು, ಹಂಚುವಾಗ ಅದನ್ನು ಹೇಳಿಯೇ ಕೊಡಿ.