ಗಾಳಿಯ ಪೋಗೋ ಸ್ಟಿಕ್‌ನಲ್ಲಿ ದಿನಾ ಪ್ರೆಷರ್ ಇಳಿಯುತ್ತಿದೆ, ಬಿಚ್ಚಿಸಲೇ?

ಬಿಚ್ಚಿಸಬೇಡ್ರೀ. ಬಾಗಲಕೋಟೆಯಲ್ಲಿ ಸೆಕೆಂಡ್ ಹ್ಯಾಂಡ್ ವರ್ಟೆಗೋ (ನಿಂತು ಕುಪ್ಪಳಿಸುವ ಪೋಗೋ ಸ್ಟಿಕ್‌ನ ಗಾಳಿ ತುಂಬುವ ಬ್ರ್ಯಾಂಡ್) ಸಿಕ್ಕಿದೆ, ಸಂಜೆ ತುಂಬಿದ ಗಾಳಿ ಬೆಳಿಗ್ಗೆ ಕಮ್ಮಿ ತೋರಿಸುತ್ತದೆ, ಗಾಳಿ ಹೊರಹೋಗದಂತೆ ತಡೆಯುವ ಸೀಲ್ ಬದಲಿಸಲು ಬೈಕ್ ಮೆಕ್ಯಾನಿಕ್ ಹತ್ತಿರ ಒಯ್ಯಲೋ ನಾನೇ ಬಿಚ್ಚಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಸೋರುತ್ತಿದೆ ಅಂತ ನಿಮಗೆ ಹೇಳಿದ್ದು ಪಂಪಿನಲ್ಲಿ ಒತ್ತಡ ತೋರಿಸುವ ಗೇಜ್ ಅಲ್ವಾ? ನನಗೂ ಅದೇ ಹೇಳಿತ್ತು.

ನಾನು ವಿಜಯಪುರದವನು. ನನ್ನದೂ ಗಾಳಿಯದೇ. ಒಳಗೆ ಉಕ್ಕಿನ ಸ್ಪ್ರಿಂಗ್ ಇಲ್ಲ, ಕೊಳವೆಯಲ್ಲಿ ತುಂಬಿಟ್ಟ ಗಾಳಿಯೇ ಸ್ಪ್ರಿಂಗ್. ನಮ್ಮದು ಸೈಕಲ್ ಪಟುಗಳ ಜಿಲ್ಲೆ, ಹಾಗಾಗಿ ಗೇಜ್ ಇರುವ ಶಾಕ್ ಪಂಪ್ (ಸೈಕಲ್ಲಿನ ಶಾಕ್ ಅಬ್ಸಾರ್ಬರ್‌ಗೆ ಗಾಳಿ ತುಂಬುವ ಕೈಪಂಪ್) ಒಬ್ಬ ಗೆಳೆಯನಿಂದ ಸಿಕ್ಕಿತು. ದಿನಾ ಬೆಳಿಗ್ಗೆ ಹಚ್ಚಿ ನೋಡುತ್ತಿದ್ದೆ. ದಿನಾ ಕಮ್ಮಿ. ಸೀಲ್ ಹೋಗಿದೆ ಅಂತ ತೀರ್ಮಾನಿಸಿದೆ. ಮನೆ ಮುಂದಿನ ಕಟ್ಟೆಯ ಮೇಲೆ ಪೇಪರ್ ಹಾಸಿ, ಗಾಳಿ ಬಿಟ್ಟು, ಪೂರ್ತಿ ಬಿಚ್ಚಿದೆ. ಸೀಲ್ ಚೆನ್ನಾಗಿಯೇ ಇತ್ತು. ಇರಲಿ ಅಂತ ಹೊಸ ಗ್ರೀಸ್ ಹಚ್ಚಿ ಮತ್ತೆ ಕೂಡಿಸಿದೆ.

ನನಗೆ ನಷ್ಟ ಆಗಿದ್ದು ಅಲ್ಲೇ, ಅದನ್ನು ಬಿಡಿಸಿ ಹೇಳುತ್ತೇನೆ. ಪಂಪಿನ ಪೈಪಿನೊಳಗೂ ಜಾಗ ಇದೆ. ವಾಲ್ವಿಗೆ ಹಚ್ಚಿದ ಕೂಡಲೇ ಸ್ಟಿಕ್ಕಿನ ಗಾಳಿ ಸ್ವಲ್ಪ ಆ ಪೈಪಿಗೆ ಹರಿಯುತ್ತದೆ. ಕಾರಿನ ಟೈರಿನಲ್ಲಿ ಗಾಳಿ ಬಹಳ, ಅಷ್ಟು ಹೋದರೆ ಗೊತ್ತೇ ಆಗಲ್ಲ. ಸ್ಟಿಕ್ಕಿನ ಕೊಳವೆ ಅದಕ್ಕಿಂತ ಸಣ್ಣದು, ಗೇಜಿನ ಮುಳ್ಳು ಸ್ವಲ್ಪ ಇಳಿಯುತ್ತದೆ. ಅಂದರೆ ಸ್ವಲ್ಪ ಗಾಳಿ ಕಳೆಯುತ್ತಿದ್ದದ್ದು ನಾನು ಅಳೆಯುತ್ತಿದ್ದದ್ದರಿಂದ. ಅದರ ಮೇಲೆ ನಮ್ಮ ಬೇಸಿಗೆ. ಸಂಜೆ 38 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿಟ್ಟರೆ, ಬೆಳಗಿನ ಜಾವ 25 ಡಿಗ್ರಿಗೆ ಇಳಿದಾಗ ಒಂದು ಚೂರೂ ಸೋರದೆ 47ರ ಆಸುಪಾಸಿಗೆ ಬರುತ್ತದೆ. ತಂಪಾದ ಗಾಳಿಯ ಒತ್ತಡ ಇಳಿಯುತ್ತದೆ, ಅಷ್ಟೇ. ಏನೂ ಕೆಟ್ಟಿರಲಿಲ್ಲ. ಆದರೆ ಬಿಚ್ಚಿದ ದಿನ ಗಾಳಿ ಬೀಸುತ್ತಿತ್ತು, ಎರಿಮಣ್ಣಿನ ನುಣುಪು ಧೂಳು ಹಸಿ ಗ್ರೀಸಿಗೆ ಕೂತಿತ್ತು. ಕಣ್ಣಿಗೆ ಕಾಣಲಿಲ್ಲ. ಆಮೇಲೆ ಹಾರಿದ ಪ್ರತಿ ಸಲವೂ ಆ ಧೂಳು ಸಾಣೆ ಕಾಗದದ ಹಾಗೆ ಒಳಗೋಡೆಯನ್ನು ಉಜ್ಜಿತು. ಗೀರು ಬಿದ್ದವು. ಸ್ಟಿಕ್ ನಿಜವಾಗಿ ಸೋರತೊಡಗಿದ್ದು ಆಗಲೇ. ಭಾಗಗಳು ಅಮೆರಿಕದಿಂದ ಬರಬೇಕಾಯಿತು. ಸಾಗಣೆ, ಸುಂಕ ಎಲ್ಲ ಸೇರಿದ ಬಿಲ್ ನೋಡಿ ಅಪ್ಪ ಆ ರಾತ್ರಿ ಮಾತೇ ಆಡಲಿಲ್ಲ.

ನೀವು ಹೀಗೆ ಮಾಡಿ. ನಿಮ್ಮ ಅಳತೆಗೆ ಗಾಳಿ ತುಂಬಿ, ಪಂಪ್ ತೆಗೆಯಿರಿ, ಕೂಡಲೇ ಮತ್ತೆ ಹಚ್ಚಿ. ಎಷ್ಟು ಇಳಿಯಿತೋ ಅದು ಪೈಪಿನ ಪಾಲು. ಮತ್ತೆ ಅಳತೆಗೆ ತುಂಬಿ ಬಿಟ್ಟು, ಮರುದಿನ ಅದೇ ಹೊತ್ತಿಗೆ ಹಚ್ಚಿ ನೋಡಿ. ಅಷ್ಟೇ ಇಳಿದಿದ್ದರೆ ಸೋರಿಕೆ ಇಲ್ಲ. ಜಾಸ್ತಿ ಇಳಿದಿದ್ದರೆ ಮೊದಲು ವಾಲ್ವಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ವಾಲ್ವಿನ ಪಿನ್ ಬದಲಿಸಿದರೆ ಸಾಕು, ಪಂಕ್ಚರ್ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಆ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಹಿಡಿಸಬೇಡಿ. ಸಣ್ಣ ಕೊಳವೆಗೆ ಕ್ಷಣದಲ್ಲಿ ಮಿತಿ ಮೀರಿ ನುಗ್ಗುತ್ತದೆ. ಗಾಳಿ ಪೂರ್ತಿ ಬಿಡದೆ ಯಾರಾದರೂ ಸ್ಟಿಕ್ ಬಿಚ್ಚಿದರೆ ಒಳಗಿನ ಭಾಗ ಮುಖಕ್ಕೇ ಸಿಡಿಯಬಹುದು. ಬೈಕ್ ಮೆಕ್ಯಾನಿಕ್ ಬೇಡ ಅಂದಿದ್ದು ಅದಕ್ಕೇ.

ಬಿಚ್ಚದೆ ಮಾಡುವ ಆರೈಕೆಯೇ ಸಾಕಷ್ಟಿದೆ. ಹಾರಿದ ಮೇಲೆ ಕೆಳಗಿನ ಕೊಳವೆಯನ್ನು ಒಣಬಟ್ಟೆಯಿಂದ ಒರೆಸಿ. ಪಾದ ಇಡುವ ಕಡೆಯ ಬೋಲ್ಟ್ ಸಡಿಲಾಗಿದೆಯಾ ನೋಡಿ. ತುದಿಯ ರಬ್ಬರ್ ಸವೆದು ಲೋಹ ಕಾಣುವ ಮೊದಲೇ ಬದಲಿಸಿ.

ಕಲಿಯುವ ಬಗ್ಗೆ ಕೊನೆಗೆ ಒಂದು ಸಾಲು ಕೇಳಿದ್ದೀರಿ, ಎತ್ತರಕ್ಕೆ ಎಷ್ಟು ಗಾಳಿ ಅಂತ. ಮೊದಲು ಕಮ್ಮಿ ಗಾಳಿ. ಜಾಸ್ತಿ ತುಂಬಿದರೆ ಹೊಸಬರ ಮೈಭಾರಕ್ಕೆ ಸ್ಟಿಕ್ ಒಳಗೆ ಕುಗ್ಗುವುದೇ ಇಲ್ಲ, ಕುಣಿಸಿ ಪಕ್ಕಕ್ಕೆ ಕೆಡವುತ್ತದೆ. ಸ್ಟಿಕ್ ನೆಟ್ಟಗಿರಲಿ, ಮೈಗೆ ಹತ್ತಿರ ಇರಲಿ, ದೃಷ್ಟಿ ಮುಂದಿರಲಿ. ಹಾರುವುದಕ್ಕಿಂತ ಮೊದಲು ಇಳಿಯುವುದು ಕಲಿಯಿರಿ: ತಪ್ಪಿತು ಅನಿಸಿದರೆ ಸ್ಟಿಕ್ ಬಿಟ್ಟು ಸ್ವಂತ ಕಾಲ ಮೇಲೆ ನಿಲ್ಲುವುದು. ಹೆಲ್ಮೆಟ್ ಇಲ್ಲದೆ ಹತ್ತಲೇಬೇಡಿ. ಒಣ ಕಾಂಕ್ರೀಟ್ ಒಳ್ಳೆಯದು. ಟೈಲ್ಸ್ ಜಾರುತ್ತದೆ, ಹಸಿ ಎರಿಮಣ್ಣಿನಲ್ಲಿ ತುದಿ ಹೂತುಹೋಗುತ್ತದೆ. ಇಲ್ಲಿಗೆ ಬಂದರೆ ಗೋಳಗುಮ್ಮಟದ ಅಂಗಳ ಕಂಡು ಆಸೆಯಾಗುತ್ತದೆ. ಅದು ಸಂರಕ್ಷಿತ ಸ್ಮಾರಕ, ಅಲ್ಲಿ ಬೇಡ.

ಗೇಜ್ ಹಚ್ಚಿದಾಗ ಬಂದ ಎರಡೂ ಅಂಕಿಗಳನ್ನು ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಸ್ಪ್ಯಾನರ್ ಮುಟ್ಟಬೇಡಿ.